ವೈನಿಯ ದನಿ, ತಂಗಿಯ ಮಾತು

ನನ್ನ ತಂಗಿ ಮೊದಲ ಸಲ ಮಾತಿನಲ್ಲಿ ನೀರು ಕೇಳಿದ ದಿನ ಅವ್ವ ಎದ್ದು ಹೋಗಿ ಬೀದಿಬಾಗಿಲು ತೆರೆದಳು. ಪಡಸಾಲೆಯ ಕಡೆಯಿಂದ ಯಾರೋ ಹೆಂಗಸು ಬಹಳ ನಯವಾಗಿ, “ನನಗೆ ಕುಡಿಯಲು ನೀರು ಕೊಡಿ” ಎಂದಿದ್ದಳು. ನಮ್ಮ ಬಾದಾಮಿಯಲ್ಲಿ ಹಾಗೆ ನೀರು ಕೇಳುವವರಿಲ್ಲ. ಗುಹೆ ನೋಡಲು ಬಂದ ಬೆಂಗಳೂರು ಕಡೆಯ ಮಂದಿ ಒಮ್ಮೊಮ್ಮೆ ದಾರಿ ತಪ್ಪಿ ನಮ್ಮ ಓಣಿಗೆ ಬರುತ್ತಾರೆ. ಅಂಥವರೇ ಯಾರೋ ಬಂದಿರಬೇಕೆಂದು ಅವ್ವ ತಿಳಿದಳು. ಹೊರಗೆ ಕಟ್ಟೆಯ ಮೇಲೆ ಒಂದು ಮಂಗ ತನ್ನ ಮರಿಯ ಹೇನು ಹೆಕ್ಕುತ್ತಾ ಕೂತಿತ್ತು, ಅಷ್ಟೇ.

“ಯಾರೂ ಇಲ್ಲಲೋ! ಯಾರು ನೀರು ಕೇಳಿದವರು?” ಎಂದು ಅವ್ವ ತಿರುಗಿ ಬಂದಾಗ ತಂಗಿ ತನ್ನ ಗಾಲಿಕುರ್ಚಿಯಲ್ಲಿ ನಗುತ್ತಿದ್ದಳು. ಅವಳು ನಕ್ಕರೆ ಇಡೀ ಮೈ ನಗುತ್ತದೆ. ಕೈ ಒಂದು ಕಡೆ ಹಾರುತ್ತದೆ, ಕಾಲು ಒಂದು ಕಡೆ. ನಾನು ಅವಳ ಮುಂದಿದ್ದ ಟ್ಯಾಬನ್ನು ತೋರಿಸಿ, “ಅಕಿನ ಕೇಳಿದ್ದು, ಅವ್ವಾ” ಎಂದೆ. ಅವ್ವ ಸ್ವಲ್ಪ ಹೊತ್ತು ಆ ಟ್ಯಾಬನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೀರು ತರಲು ಒಳಗೆ ಹೋದಳು.

ತಂಗಿಗೆ ಆಗ ಮೂವತ್ತು ದಾಟಿತ್ತು. ಹುಟ್ಟುವಾಗ ಅವಳ ಮಿದುಳಿಗೆ ಉಸಿರು ಸಾಲದೆ ಹೋಯಿತೆಂದು ಡಾಕ್ಟರು ಹೇಳಿದ್ದರು. ಕೈಕಾಲು ಅವಳ ಮಾತು ಕೇಳುವುದಿಲ್ಲ. ನಾಲಿಗೆಯೂ ಅಷ್ಟೇ. ಹೌದು ಎನ್ನಲು ಕಣ್ಣು ಮೇಲೆತ್ತುತ್ತಾಳೆ, ಅಲ್ಲ ಎನ್ನಲು ಕೆಳಗಿಳಿಸುತ್ತಾಳೆ. ಉಳಿದದ್ದೆಲ್ಲ ಅವ್ವನ ಬಾಯಿಂದ ಬರುತ್ತಿತ್ತು. ಮನೆಗೆ ಬಂದವರು “ಹೆಂಗಿದ್ದಾಳ್ರಿ ಮಗಳು?” ಎಂದು ಅವ್ವನನ್ನು ಕೇಳುವರು, “ಆರಾಮಿದ್ದಾಳ್ರಿ” ಎಂದು ಅವ್ವ ಹೇಳುವಳು. ತಂಗಿ ಅಲ್ಲೇ ಕೂತು ಇಬ್ಬರ ಮುಖವನ್ನೂ ನೋಡುವಳು. ಅಪ್ಪ ಇರುವವರೆಗೆ ಬೆಳಿಗ್ಗೆ ಪೇಪರು ಬಂದ ಕೂಡಲೇ ಅವಳ ಪಕ್ಕ ಕೂತು, ದೊಡ್ಡ ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿ ಹೇಳುತ್ತಿದ್ದರು. “ಇಕಿಗೆ ಓದ್ಲಿಕ್ಕೆ ಬರ್ತದ” ಎಂದು ಬಂದವರ ಮುಂದೆಲ್ಲ ಹೇಳುವರು. ಅಪ್ಪ ತಾವೇ ಶಾಲಾ ಮಾಸ್ತರರು. ಆದರೂ ಈ ಒಂದು ಮಾತನ್ನು ಎಲ್ಲರೂ ತಂದೆಯ ಮಮತೆ ಎಂದುಕೊಂಡು ಸುಮ್ಮನೆ ತಲೆಯಾಡಿಸುತ್ತಿದ್ದರು.

ಟ್ಯಾಬು ಬಂದದ್ದು ಬಾಗಲಕೋಟೆಯ ಒಬ್ಬ ವಾಕ್ ಚಿಕಿತ್ಸಕಿಯಿಂದ. ತಂಗಿಯ ಬೆನ್ನಿಗೆ ವ್ಯಾಯಾಮ ಮಾಡಿಸಲು ಕರೆದುಕೊಂಡು ಹೋಗಿದ್ದಾಗ ಆ ಬಾಯಿ, ನಮ್ಮ ಕಡೆ ಮೇಡಮ್ಮರನ್ನು ಹಾಗೇ ಕರೆಯುವುದು, ಅವಳನ್ನು ನೋಡಿದರು. ಬಹಳ ಹೊತ್ತು ಏನೂ ಮಾತಾಡದೆ ಅವಳ ಎದುರು ಕೂತು, ಮೈಯಲ್ಲಿ ಯಾವ ಭಾಗ ಅವಳು ಹೇಳಿದ ಹಾಗೆ ಕೇಳುತ್ತದೆ ಎಂದು ಹುಡುಕಿದರು. ತಲೆಯನ್ನು ಬಲಕ್ಕೆ ವಾಲಿಸುವುದು ಮಾತ್ರ ಅವಳ ಹಿಡಿತದಲ್ಲಿತ್ತು. ಗಾಲಿಕುರ್ಚಿಯ ಬಲಬದಿಗೆ, ಅವಳ ಕೆನ್ನೆಯ ಹತ್ತಿರ, ಅಂಗೈಯಷ್ಟು ದೊಡ್ಡ ಕೆಂಪು ಸ್ವಿಚ್ ಕೂರಿಸಿದರು. ಮುಂದೆ ಟ್ಯಾಬು. ಅದರ ತುಂಬ ಚಿತ್ರಗಳು: ನೀರು, ಊಟ, ನೋವು, ಸಿಟ್ಟು, ಹೊರಗೆ ಹೋಗುವುದು, ಅವ್ವ, ಅಣ್ಣ, ವೈನಿ. ಒಂದು ಹಳದಿ ಚೌಕಟ್ಟು ಟಿಕ್ ಟಿಕ್ ಎನ್ನುತ್ತ ಚಿತ್ರದಿಂದ ಚಿತ್ರಕ್ಕೆ ಸರಿಯುತ್ತದೆ. ಬೇಕಾದ ಚಿತ್ರದ ಮೇಲೆ ಬಂದಾಗ ಅವಳು ತಲೆ ವಾಲಿಸಿ ಸ್ವಿಚ್ ಒತ್ತಬೇಕು. ಒತ್ತಿದರೆ ಆ ಮಾತನ್ನು ಟ್ಯಾಬು ಹೇಳುತ್ತದೆ.

ಕೇಳಲು ಸುಲಭ. ತಂಗಿಯ ತಲೆ ವಾಲುವಷ್ಟರಲ್ಲಿ ಚೌಕಟ್ಟು ಮುಂದಕ್ಕೆ ಸರಿದಿರುತ್ತಿತ್ತು. ನೀರು ಒತ್ತಲು ಹೋಗಿ ಊಟ ಒತ್ತುವಳು. ಬೆವರುವಳು. ಸಿಟ್ಟು ಬಂದರೆ ಮೈ ಇನ್ನಷ್ಟು ಬಿಗಿದು ಸ್ವಿಚ್ಚೇ ಸಿಗುತ್ತಿರಲಿಲ್ಲ. ಅವ್ವ ನೋಡಲಾರದೆ, “ಬಿಡ್ರಿ, ಯಾಕ ತ್ರಾಸ ಕೊಡ್ತೀರಿ? ಅಕಿಗೆ ಏನು ಬೇಕು ಅನ್ನೂದು ನನಗ ಗೊತ್ತದ” ಎನ್ನುವಳು. ಆ ಬಾಯಿ ಮಾತ್ರ ಚೌಕಟ್ಟಿನ ವೇಗ ಇಳಿಸಿದರು, ಇನ್ನೂ ಇಳಿಸಿದರು. “ಅಕಿಗೆ ತಡಾ ಆಗೂದಿಲ್ಲರಿ, ನಮಗ ಕಾಯ್ಲಿಕ್ಕೆ ಬರೂದಿಲ್ಲ” ಎಂದರು. ಅಪ್ಪನ ಹಾಗೆ ನಾನೂ ಮಾಸ್ತರ. ಬೇಸಿಗೆ ರಜೆ ಪೂರ್ತಿ ನಾನೂ ತಂಗಿಯೂ ಅದನ್ನೇ ಅಭ್ಯಾಸ ಮಾಡಿದೆವು. ಅವಳು ತಲೆ ವಾಲಿಸುವುದನ್ನು, ನಾನು ಬಾಯಿ ಮುಚ್ಚಿಕೊಂಡು ಕೂರುವುದನ್ನು.

ಹಾಗೆ ಬಂದಿತ್ತು ಆ ನೀರು.

ಮಳೆಗಾಲದ ಹೊತ್ತಿಗೆ ಅವಳ ತಲೆಯೂ ಚೌಕಟ್ಟೂ ಒಂದಕ್ಕೊಂದು ಹೊಂದಿಕೊಂಡವು. ಮತ್ತೊಮ್ಮೆ ಬಾಗಲಕೋಟೆಗೆ ಹೋದಾಗ ಆ ಬಾಯಿ ಚಿತ್ರದ ಪುಟ ತೆಗೆದು ಅಕ್ಷರದ ಪುಟ ತಂದರು. ಅಪ್ಪ ಹೇಳುತ್ತಿದ್ದುದನ್ನು ನಾನು ಅವರಿಗೆ ತಿಳಿಸಿದ್ದೆ. “ಏನರೆ ಬರೀರಿ, ನೋಡೋಣು” ಎಂದರು. ಚೌಕಟ್ಟು ಸಾಲಿನಿಂದ ಸಾಲಿಗೆ ಇಳಿಯಿತು. ತಂಗಿ ಒತ್ತಿದಳು, ತಪ್ಪಿತು, ಅಳಿಸಿದಳು, ಮತ್ತೆ ಒತ್ತಿದಳು. ಎಷ್ಟೋ ಹೊತ್ತಿನ ಮೇಲೆ ಪರದೆಯ ಮೇಲೆ “ಫ್ಯಾನ” ಎಂದು ಮೂಡಿತು.

ಅವ್ವ ಎದ್ದು ನಿಂತಳು. “ಫ್ಯಾನ್ ಜೋರ್ ಮಾಡ್ಬೇಕೇನವ್ವಾ?”

ತಂಗಿಯ ಕಣ್ಣು ಕೆಳಗಿಳಿಯಿತು.

“ಬಂದ್ ಮಾಡ್ಬೇಕ?”

ಕಣ್ಣು ಮೇಲೆ ಹೋಯಿತು.

ನಮ್ಮ ಮನೆಯಲ್ಲಿ ಅವಳ ಮಂಚದ ನೆತ್ತಿಗೇ ಫ್ಯಾನಿತ್ತು. ಅವಳಿಗೆ ಸೆಕೆಯಾಗಬಾರದೆಂದು ಅಪ್ಪ ಹಾಕಿಸಿದ್ದು. ಕರೆಂಟ್ ಇರುವಷ್ಟು ಹೊತ್ತೂ ತಿರುಗುತ್ತಿತ್ತು. ಅವ್ವ ಅಲ್ಲೇ ಕುರ್ಚಿಯಲ್ಲಿ ಕುಸಿದು, “ಅವರು ಹೇಳ್ತಿದ್ರು. ಓದ್ಲಿಕ್ಕೆ ಬರ್ತದ ಅಂತ ಹೇಳ್ತಿದ್ರು” ಎಂದು ಅಳತೊಡಗಿದಳು. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ತಂಗಿಯೂ ಅತ್ತಳು. ಆ ಬಾಯಿ ಎದ್ದು ಹೋಗಿ ತಮ್ಮ ಕೋಣೆಯ ಫ್ಯಾನ್ ಆರಿಸಿ ಬಂದರು.

ಅಲ್ಲಿಂದ ಮುಂದೆ ಒಂದೊಂದೇ ಹೊರಬರತೊಡಗಿತು. ಅವಳಿಗೆ ಹಾಲು-ಅನ್ನ ಸೇರುವುದಿಲ್ಲ. ಮೆತ್ತಗಿರಲಿ ಎಂದು ಅವ್ವ ಇಷ್ಟು ವರ್ಷವೂ ಅದನ್ನೇ ಉಣಿಸಿದ್ದಳು. ಅವಳಿಗೆ ಬೇಕಾದದ್ದು ರಂಜಕ. ಹಣ್ಣುಮೆಣಸಿನಕಾಯಿಯ ಆ ಚಟ್ನಿಯನ್ನು ನಾವೆಲ್ಲ ರೊಟ್ಟಿಗೆ ಹಚ್ಚಿಕೊಂಡು ಕಣ್ಣಲ್ಲಿ ನೀರು ತಂದುಕೊಂಡು ತಿನ್ನುವಾಗ ಅವಳು ನೋಡುತ್ತಿದ್ದಳು. “ಇಷ್ಟ ವರ್ಷ ಹಾಲನ್ನ ಉಂಡು ಈಗ ಹೇಳ್ತಿ ಏನ?” ಎಂದು ಅವ್ವ ಬೈದಳು. ಬೈಯುತ್ತಲೇ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ, ಮೆತ್ತಗೆ ಕಿವುಚಿ, ರಂಜಕ ಕಲಸಿ ಬಾಯಿಗಿಟ್ಟಳು. ತಂಗಿಯ ಕಿವಿ ಕೆಂಪಾಯಿತು, ಮೂಗು ಸೋರಿತು. ಚೌಕಟ್ಟು ತಿರುಗುವವರೆಗೆ ಕಾದು “ಇನ್ನೂ ಬೇಕು” ಎಂದು ಒತ್ತಿದಳು.

ಅಡಚಣೆ ಇದ್ದದ್ದು ಆ ದನಿಯದು. ಟ್ಯಾಬಿನೊಳಗಿನ ಹೆಂಗಸು ಟಿವಿಯಲ್ಲಿ ವಾರ್ತೆ ಓದುವವಳ ಹಾಗೆ ಮಾತಾಡುತ್ತಿದ್ದಳು. ಮನೆಯಲ್ಲಿ ಅವಳಿಗೆ ‘ಬೆಂಗಳೂರಾಕಿ’ ಎಂದೇ ಹೆಸರು ಬಿತ್ತು. “ನನಗೆ ಬೇಸರವಾಗಿದೆ” ಎಂದು ತಂಗಿ ಒತ್ತಿದರೆ ನಮಗೆ ನಗು ಬರುತ್ತಿತ್ತು, ಅವಳ ಬೇಸರ ಹಾಗೇ ಉಳಿಯುತ್ತಿತ್ತು. ಬಾಗಲಕೋಟೆಯ ಬಾಯಿ, “ಮನ್ಯಾಗಿನವರ ದನಿ ರೆಕಾರ್ಡ್ ಮಾಡಿ ಹಾಕ್ಲಿಕ್ಕೆ ಬರ್ತದರಿ. ಒಂದೊಂದ ಚಿತ್ರಕ್ಕ ಒಂದೊಂದ ಮಾತು” ಎಂದರು.

ಯಾರ ದನಿ ಎಂದು ಯಾರೂ ಕೇಳಲಿಲ್ಲ. ಅವ್ವನದೇ ಎಂದು ಎಲ್ಲರೂ ಅಂದುಕೊಂಡೆವು. ಅವ್ವ ಅವತ್ತು ತಲೆಗೆ ಸ್ನಾನ ಮಾಡಿ, ಗಂಟಲಿಗೆ ಬಿಸಿನೀರು ಕುಡಿದು ಬಂದು ಕೂತಳು. ನಾನು ಫೋನು ಹಿಡಿದು, “ಶುರು ಮಾಡೋಣೇನ?” ಎಂದು ತಂಗಿಯ ಕಡೆ ನೋಡಿದೆ. ಅವಳು ಕಣ್ಣು ಕೆಳಗಿಳಿಸಿದಳು.

“ಈಗ ಬ್ಯಾಡೇನ? ಆಮ್ಯಾಲ ಮಾಡೋಣ?”

ಮತ್ತೆ ಕೆಳಗೆ. ಚೌಕಟ್ಟು ಚಿತ್ರಗಳ ಮೇಲೆ ಸರಿಯಿತು. ಅವ್ವನ ಚಿತ್ರ ದಾಟಿತು, ನನ್ನದು ದಾಟಿತು. ಕೆಂಪು ಸ್ವಿಚ್ ಸದ್ದು ಮಾಡಿತು. “ವೈನಿ” ಎಂದಳು ಬೆಂಗಳೂರಾಕಿ.

ವೈನಿ ಎಂದರೆ ನನ್ನ ಹೆಂಡತಿ. ಹುನಗುಂದದವಳು. ದೊಡ್ಡ ಕಂಠ. ಹಿತ್ತಲಲ್ಲಿ ನಿಂತು ಮಾತಾಡಿದರೆ ಬೀದಿಗೆ ಕೇಳುತ್ತದೆ. ಅವಳೇ ಗಾಬರಿಯಾಗಿ, “ನಾನ? ಅಯ್ಯ, ನಂದ್ಯಾಕ? ಅತ್ಯಾ ಇದ್ದಾರಲ್ಲ” ಎಂದಳು. ಅವ್ವ ಎದ್ದು ದೇವರ ಮನೆಗೆ ಹೋಗಿ, ಬೆಳಿಗ್ಗೆಯೇ ತೊಳೆದಿಟ್ಟಿದ್ದ ಪೂಜೆಯ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು. ನಾನು ಹಿಂದೆ ಹೋದಾಗ, “ಇಷ್ಟ ದಿನ ನಾನ ಅಕಿ ಬಾಯಿ ಆಗಿದ್ನೋ. ಈಗ ನಾ ಬ್ಯಾಡಾದೆ” ಎಂದಳು.

ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೂರನೆಯ ದಿನ ಮಧ್ಯಾಹ್ನ ತಂಗಿ ಅಕ್ಷರದ ಪುಟ ಕೇಳಿ ತೆಗೆಸಿಕೊಂಡು ಬರೆಯತೊಡಗಿದಳು. ನಾನು ಶಾಲೆಯಿಂದ ಬಂದಾಗಲೂ ಬರೆಯುತ್ತಲೇ ಇದ್ದಳು. ಅವ್ವ ದೂರದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಬರೆದು ಮುಗಿದ ಮೇಲೆ ಟ್ಯಾಬು ಓದಿತು. ನಮ್ಮ ಕಡೆಯ ಮಾತನ್ನು ಆ ಬೆಂಗಳೂರಾಕಿ ಮುರಿದು ಮುರಿದು, ವಿಚಿತ್ರ ಮಾಡಿ ಓದಿದಳು. ಆದರೂ ತಿಳಿಯಿತು.

“ಅವ್ವನ ದನಿ ನಾ ತಗೊಂಡ್ರ ಅವ್ವನ ಕೂಡ ಹೆಂಗ ಮಾತಾಡ್ಲಿ.”

ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. “ಇನ್ನೊಮ್ಮೆ ಓದಸು” ಎಂದು ನನಗೆ ಹೇಳಿದಳು. ಇನ್ನೊಮ್ಮೆ ಓದಿಸಿದೆ. ಅವ್ವ ಎದ್ದು ಬಂದು ಮಗಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಅಡುಗೆಮನೆಯ ಕಡೆ ತಿರುಗಿ, “ಬಾರವಾ, ನೀನ ಕೂತು ಹೇಳು. ಚೊಲೋತಂಗ ಹೇಳು, ಸಣ್ಣ ದನಿ ಮಾಡಬ್ಯಾಡ” ಎಂದು ಸೊಸೆಯನ್ನು ಕರೆದಳು.

ರೆಕಾರ್ಡಿಂಗ್ ಒಂದು ವಾರ ನಡೆಯಿತು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂತರೂ ಪಕ್ಕದ ಮನೆಯ ಕುಕ್ಕರ್ ಕೂಗುವುದು, ತಗಡಿನ ಮೇಲೆ ಮಂಗಗಳು ಧಡಧಡ ಓಡುವುದು. ಮತ್ತೆ ಮೊದಲಿಂದ. ನನ್ನ ಹೆಂಡತಿ ಮೊದಲು ನಾಚಿ, ಪುಸ್ತಕ ಓದಿದ ಹಾಗೆ ಹೇಳಿದಳು. ತಂಗಿ ಒಪ್ಪಲಿಲ್ಲ. ಆಮೇಲೆ ತನ್ನ ಮಾತಿಗೇ ಬಂದಳು: “ನೀರ ಕೊಡು.” “ಹೊಟ್ಟಿ ಹಸದದ.” “ಭಾಳ ನೋಯಿಸ್ಲಿಕ್ಕತ್ತದ.” “ಹೋಗೋಣ ನಡೀರಿ.” “ನೋಡೋಣ.” ನಡುವೆ ನಿಲ್ಲಿಸಿ, “ಬರೇ ಬೇಡೂ ಮಾತ ಆದವಲ್ರಿ ಇವು? ಅಕಿಗೆ ಜಗಳಾಡ್ಲಿಕ್ಕೆ ನಾಲ್ಕ ಮಾತ ಬ್ಯಾಡೇನು?” ಎಂದಳು. ತಂಗಿಯ ಕಣ್ಣು ಛಾವಣಿಗೆ ಅಂಟಿತು. ಹಾಗೆ “ಸುಮ್ಮನಿರ್ರಿ”, “ಸಾಕ್ ಬಿಡು”, “ಸುಳ್ಳ ಹೇಳಬ್ಯಾಡ್ರಿ”, “ನನ್ನ ಕೇಳ್ರಿ” ಎಂಬವೂ ಸೇರಿದವು. ಅವುಗಳಿಗೆ ತಕ್ಕ ಚಿತ್ರ ಹುಡುಕುವುದೇ ನನಗೆ ಕಷ್ಟವಾಯಿತು. ಮೊದಲ ಜಗಳ ಮರುದಿನವೇ ಆಯಿತು, ವೈನಿಯ ಕೂಡವೇ. ತಂಗಿಯ ತಲೆ ಬಾಚುವಾಗ ಸಿಕ್ಕು ಎಳೆದಳೆಂದು, ವೈನಿಯದೇ ಕಂಠದಲ್ಲಿ “ಸಾಕ್ ಬಿಡು!” ಎಂಬ ಕೂಗು ಬಂತು. ಹೆಂಡತಿ ಬಾಚಣಿಗೆ ಕೈಬಿಟ್ಟು, “ಅಯ್ಯ ನನ್ನವ್ವ, ನಾ ಇಷ್ಟ ಜೋರ ಒದರ್ತೇನೇನು?” ಎಂದಳು.

ಮುಂದಿನ ಚಳಿಗಾಲದಲ್ಲಿ ಅವ್ವ ಬಿದ್ದಳು. ತಂಗಿಯನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುವಾಗ ಕಾಲು ಜಾರಿ, ತಾನು ಕೆಳಗಾಗಿ ಮಗಳನ್ನು ಮೇಲೆ ಹಿಡಿದುಕೊಂಡಿದ್ದಳು. ತಂಗಿಗೆ ಏನೂ ಆಗಲಿಲ್ಲ. ಅವ್ವನ ಮುಂಗೈ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಕೆರೂರಿನಿಂದ ನನ್ನ ಸೋದರಮಾವ ನೋಡಲು ಬಂದರು. ಸಂತೆಯ ದಿನ ಅಂಗಡಿ ಬಿಟ್ಟು ಬಂದಿದ್ದರು. ಅಕ್ಕನ ಮೇಲೆ ಅವರಿಗೆ ಜೀವ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನೆಲ ನೋಡುತ್ತ ಹೇಳಿದರು:

“ಅಕ್ಕಾ, ಸಿಟ್ಟಾಗಬ್ಯಾಡ. ನಿನಗೂ ವಯಸ್ಸಾತು. ಇನ್ನ ಎತ್ತಿ ಇಳಸೂದು ನಿನ್ನ ಕೈಲಿ ಆಗೂದಿಲ್ಲ. ಬಾಗಲಕೋಟ್ಯಾಗ ಇಂಥವರಿಗಂತನ ಒಂದು ವಸತಿ ಅದ ಅಂತ. ವಾರದಾಗ ಐದ ದಿನ ಅಲ್ಲಿ, ಎರಡ ದಿನ ಮನ್ಯಾಗ.”

“ನಾ ಜೀವಂತ ಇರೂತನಕ ಆ ಮಾತ ಎತ್ತಬ್ಯಾಡ” ಎಂದಳು ಅವ್ವ.

ನಾನು ನಡುವೆ ಬಾಯಿ ಹಾಕಿದೆ. ಆಳು ಇಟ್ಟುಕೊಳ್ಳೋಣ ಎಂದೆ. ಮಾವ ಅದು ಎಷ್ಟು ದಿನ ಎಂದರು. ಅವ್ವ ಅಳುತ್ತ ದೇವರನ್ನು ಬೈದಳು. ಮೂವರದೂ ಒಟ್ಟಿಗೇ ಮಾತು. ಅಷ್ಟರಲ್ಲಿ ದೊಡ್ಡದಾಗಿ ಕೇಳಿಸಿತು: “ನನ್ನ ಕೇಳ್ರಿ.”

ಮಾವ ಅಡುಗೆಮನೆಯ ಕಡೆ ತಿರುಗಿ, “ಹೇಳವಾ, ನೀನೂ ಮನೀ ಸೊಸಿ. ನಿಂದೇನ ಅಭಿಪ್ರಾಯ?” ಎಂದರು.

ಒಳಗಿಂದ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು, “ನಾ ಅಲ್ರಿ ಮಾಮಾ. ಅಕಿ” ಎಂದಳು.

ಮಾವ ಮೆಲ್ಲಗೆ ತಂಗಿಯ ಕಡೆ ತಿರುಗಿದರು. ಅವಳು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು, ಬಂದಾಗಲೆಲ್ಲ ತಲೆ ಸವರಿ ಹೋದವರು. ಒಂದು ಪ್ರಶ್ನೆ ಕೇಳಿದವರಲ್ಲ. ಕುರ್ಚಿ ಎಳೆದು ಅವಳ ಎದುರಿಗೆ ಹಾಕಿಕೊಂಡು ಕೂತು, “ತಪ್ಪಾತವಾ. ನಿನ್ನ ಕೇಳ್ತೇನಿ. ಏನ ಮಾಡೋಣ?” ಎಂದರು.

ಚೌಕಟ್ಟು ಸರಿಯತೊಡಗಿತು. ಹೋಗುವುದಿಲ್ಲ ಎನ್ನುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಹಾಗೆ ಅಂದ ಕೂಡಲೇ ಮಾವನಿಗೆ ಏನು ಹೇಳಬೇಕೆಂಬುದನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

“ಹೋಗೋಣ ನಡೀರಿ” ಎಂದಿತು ನನ್ನ ಹೆಂಡತಿಯ ದನಿ. ಸ್ವಲ್ಪ ತಡೆದು, “ನೋಡೋಣ.”

ಅವ್ವನ ಅಳು ನಿಂತುಹೋಯಿತು. “ಏನ ನೋಡೂದು? ಅಲ್ಲೆ ಹೋಗಿ ಇರ್ತೀ ಏನು ನೀ? ನನ್ನ ಬಿಟ್ಟು?”

ತಂಗಿ ಅಕ್ಷರದ ಪುಟಕ್ಕೆ ಹೋದಳು. ಮಾವ ಅಂಗಡಿಗೆ ಹೋಗುವ ಅವಸರದಲ್ಲಿ ಬಂದವರು, ಮೊಣಕಾಲ ಮೇಲೆ ಕೈಯೂರಿ ಕೂತೇ ಇದ್ದರು. ಯಾರೂ ನಡುವೆ ಊಹಿಸಿ ಮಾತು ತುಂಬಲಿಲ್ಲ. ಬರೆದದ್ದು ಇಷ್ಟೇ: “ಮಂದಿ ಬೇಕು.”

ಅದನ್ನು ಓದಿ ಹೇಳಿದ್ದು ಬೆಂಗಳೂರಾಕಿಯೇ. ಆದರೆ ಆ ಹೊತ್ತಿಗೆ ಯಾರಿಗೂ ನಗು ಬರಲಿಲ್ಲ. ನಾನು ಶಾಲೆಗೆ ಹೋಗುತ್ತೇನೆ, ಹೆಂಡತಿ ಪೇಟೆಗೆ ಹೋಗುತ್ತಾಳೆ, ಅವ್ವ ಗುಡಿಗೆ ಹೋಗುತ್ತಾಳೆ. ತಂಗಿಯನ್ನು ಶಿವಯೋಗ ಮಂದಿರಕ್ಕೋ ಬನಶಂಕರಿಗೋ ವರ್ಷಕ್ಕೊಮ್ಮೆ ಕಾರಿನಲ್ಲಿ ಒಯ್ಯುತ್ತಿದ್ದೆವು. ಮಾತು ಬಂದಿತ್ತು ಅವಳಿಗೆ. ಮಾತಾಡಲು ಜೊತೆಗಿದ್ದವರು ನಾವು ಮೂವರೇ.

ಅವ್ವನ ಪ್ಲಾಸ್ಟರ್ ಬಿಚ್ಚಿದ ಮೇಲೆ ಎಲ್ಲರೂ ಬಾಗಲಕೋಟೆಗೆ ಹೋದೆವು. ಸಾದಾ ಕಟ್ಟಡ, ಮುಂದೆ ಬೇವಿನ ಮರ, ಎಲ್ಲ ಬಾಗಿಲಿಗೂ ಇಳಿಜಾರು. ತಂಗಿಗಿಂತ ಹಿರಿಯ ಹೆಂಗಸೊಬ್ಬಳು ಕಾಲಬೆರಳಿನಿಂದ ಅಕ್ಷರದ ಹಲಗೆ ತೋರಿಸಿ ಮಾತಾಡುತ್ತಿದ್ದಳು. ಇಬ್ಬರೂ ಎದುರುಬದುರು ಕೂತರು. ಅವಳು ಕಾಲಿನಿಂದ ಒಂದು ಅಕ್ಷರ ತೋರಿಸುವಳು, ಇವಳು ತಲೆಯಿಂದ ಒಂದು ಒತ್ತುವಳು. ಅಲ್ಲಿಯ ಆಯಾ ಮೊದಲು ನಡುವೆ ನಿಂತು ಓದಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಅವಳ ಕಡೆ ನೋಡುವುದನ್ನೇ ಬಿಟ್ಟರು. ಊಟದ ಗಂಟೆ ಬಾರಿಸಿದರೂ ಮಾತು ನಿಲ್ಲಿಸಲಿಲ್ಲ. ಇಬ್ಬರೂ ಏನು ಮಾತಾಡಿದರೆಂದು ನಾನು ದಾರಿಯಲ್ಲಿ ಕೇಳಿದೆ. ತಂಗಿ ಕಣ್ಣು ಕೆಳಗಿಳಿಸಿದಳು. ಹೇಳಲಿಲ್ಲ. ತಂಗಿಯ ಎದೆಯಲ್ಲಿ ನಮಗೆ ಹೇಳದ ಒಂದು ಮಾತಿದೆ ಎನ್ನುವುದು ನನಗೆ ಯಾಕೋ ಬಹಳ ಸಂತೋಷ ಕೊಟ್ಟಿತು. ಅವ್ವ ಮಾತ್ರ ಬಾದಾಮಿ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು.

ತಂಗಿ ತಾನೇ ಆರಿಸಿಕೊಂಡು, ವಾರಕ್ಕೆ ಐದು ದಿನ ಅಲ್ಲಿರಲು ಹೋದ ಮೊದಲ ಸೋಮವಾರ ಅವ್ವ ಊಟ ಮಾಡಲಿಲ್ಲ. ಮಂಚದ ಹಾಸಿಗೆ ಕೊಡವಿದಳು, ಮಡಚಿದಳು, ಮತ್ತೆ ಹಾಸಿದಳು. ಸಂಜೆ ಬಾಗಲಕೋಟೆಯಿಂದ ಫೋನು ಬಂತು. ಏನೋ ಆಗಿದೆ ಎಂದು ಗಾಬರಿಯಾಗಿ ತೆಗೆದರೆ ಆ ಕಡೆಯಿಂದ ಟಿಕ್ ಟಿಕ್ ಸದ್ದು, ಆಮೇಲೆ ನನ್ನ ಹೆಂಡತಿಯ ದನಿ: “ಅವ್ವಾ.” ಮತ್ತೆ ಟಿಕ್ ಟಿಕ್. “ಊಟಾತೇನು?” ಅವ್ವ ಆಗಿದೆ ಎಂದು ಸುಳ್ಳು ಹೇಳಿದಳು. ಟಿಕ್ ಟಿಕ್ ಬಹಳ ಹೊತ್ತು ನಡೆಯಿತು. ಅವ್ವ ಫೋನು ಕಿವಿಗೊತ್ತಿ ಕಾದಳು. “ಸುಳ್ಳ ಹೇಳಬ್ಯಾಡ್ರಿ” ಎಂದು ಬಂತು. ಅವ್ವ ನಕ್ಕು, ಫೋನು ಇಟ್ಟು, ಊಟಕ್ಕೆ ಕೂತಳು.

ಈಗ ತಂಗಿಗೆ ಅಲ್ಲಿ ಒಂದು ಕೆಲಸವೂ ಇದೆ. ಹೊಸದಾಗಿ ಬರುವ ಮಕ್ಕಳಿಗೆ ಸ್ವಿಚ್ ಒತ್ತುವುದನ್ನು ಕಲಿಸುತ್ತಾಳೆ. ಕಲಿಸುವುದೆಂದರೆ ಪಕ್ಕದಲ್ಲಿ ಕೂತು ತಾನೂ ಒತ್ತುತ್ತಿರುವುದು, ದೊಡ್ಡವರು ಅವಸರ ಮಾಡಿದರೆ ಅವರ ಮೇಲೆ “ಸುಮ್ಮನಿರ್ರಿ” ಎಂದು ಹಾಯುವುದು. ಒಮ್ಮೆ ಅಲ್ಲಿಗೆ ಹೋದ ನನ್ನ ಹೆಂಡತಿ ತನ್ನ ದನಿ ಮೂರು ಟ್ಯಾಬುಗಳಿಂದ ಬರುವುದನ್ನು ಕೇಳಿ ಬೆರಗಾದಳು. ಈ ದನಿಯೇ ನಮಗೂ ಇರಲಿ ಎಂದು ಇಬ್ಬರು ಹುಡುಗಿಯರು ಬೇಡಿ ಹಾಕಿಸಿಕೊಂಡಿದ್ದರು. ಅವತ್ತು ದಾರಿಯುದ್ದಕ್ಕೂ ಅವಳು ಮಾತೇ ಆಡಲಿಲ್ಲ. ಅಂಥದ್ದು ಅಪರೂಪ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಟ್ಯಾಬು ಕೆಟ್ಟರೆ ತಂಗಿ ಮೂಕಿಯಾಗುತ್ತಾಳೆ. ಒಮ್ಮೆ ಅದು ದುರಸ್ತಿಗೆ ಹೋಗಿ ಬರುವವರೆಗೆ ಅವಳು ಯಾರ ಮುಖವನ್ನೂ ನೋಡಲಿಲ್ಲ, ಕಣ್ಣಿನ ಹೌದು ಅಲ್ಲಗಳನ್ನೂ ಕೊಡಲಿಲ್ಲ. ಬೆನ್ನಿನ ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಈಗ ಎಲ್ಲಿ, ಎಷ್ಟು ಎಂದು ಹೇಳುತ್ತಾಳೆ. ಕೇಳಿಸಿಕೊಂಡು ನಾವು ಮಾಡುವುದಕ್ಕೆ ಪ್ರತಿ ಸಲವೂ ಏನಾದರೂ ಇರುತ್ತದೆ ಎಂದಲ್ಲ.

ಹೋದ ತಿಂಗಳು ಒಂದು ಶುಕ್ರವಾರ ತಂಗಿ ಫೋನು ಮಾಡಿ, ಈ ವಾರ ಮನೆಗೆ ಬರುವುದಿಲ್ಲ ಎಂದಳು. ಕಾಲಿನಿಂದ ಮಾತಾಡುವ ಗೆಳತಿಗೆ ಜ್ವರ, ಜೊತೆಗಿರುತ್ತಾಳಂತೆ. ಅವ್ವ ಸಿಟ್ಟಾಗುತ್ತಾಳೆ ಎಂದು ನಾನು ನೋಡುತ್ತಿದ್ದರೆ, ಅವಳು “ಹಂಗಾದ್ರ ನಾನ ಬರ್ತೇನಿ” ಎಂದು ಫೋನಿಗೆ ಹೇಳಿದಳು. ಮಗಳು ಹುಟ್ಟಿದ ಮೇಲೆ ಅವ್ವ ಒಬ್ಬಳೇ ಊರು ದಾಟಿದವಳಲ್ಲ. ಶನಿವಾರ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಬಿಟ್ಟುಬಂದೆ. ಜೊತೆಗೆ ಬರುತ್ತೇನೆ ಎಂದರೆ, “ನೀ ಹೋಗು, ಸಾಲಿಗೆ ಹೊತ್ತಾಗ್ತದ” ಎಂದು ಚೀಲ ಕಸಿದುಕೊಂಡಳು. ಗಾಡಿ ಬಂತು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ನಾನು ಕೆಳಗಿನಿಂದ, ಇಳಿಯುವಾಗ ಹುಷಾರು ಎಂದು ಹೇಳುತ್ತಿದ್ದೆ. ಅವ್ವ ಆಗಲೇ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಡೆ ಹೊರಳಿ, “ನಿಮ್ಮದ್ಯಾವ ಊರ್ರಿ?” ಎಂದು ಮಾತು ತೆಗೆದಿದ್ದಳು.